ಹರಿಗೋಲೂ ಹಗುರ ವಿಮಾನವೂ

ತುಂಗಭದ್ರೆಯ ದಡದಲ್ಲಿ ಬಾಳುವವರಿಗೆ ಹರಿಗೋಲು ಹೊಸ ವಸ್ತುವಲ್ಲ. ಕಂಪ್ಲಿಯ ಹೊಳೆದಂಡೆಯಲ್ಲಿಯೂ ಹಂಪೆಯ ತಳವಾರಘಟ್ಟದಲ್ಲಿಯೂ ಬುಟ್ಟಿಯಂತೆ ದುಂಡಗಿರುವ ಈ ದೋಣಿಯು ಶತಮಾನಗಳ ಕಾಲ ಜನರನ್ನು ದಡ ಮುಟ್ಟಿಸಿದೆ. ಕೃಷ್ಣದೇವರಾಯನು ಆಳುತ್ತಿದ್ದಾಗ, 1520ರ ಸುಮಾರಿನಲ್ಲಿ, ವಿಜಯನಗರವನ್ನು ಕಣ್ಣಾರೆ ಕಂಡ ಪೋರ್ತುಗೀಜ ಪ್ರವಾಸಿ ಡೊಮಿಂಗೊ ಪಾಯೆಸನು ಜನರು ಆನೆಗುಂದಿಗೆ ದಾಟುವ ಬಗೆಯನ್ನು ಬರೆದಿಟ್ಟಿದ್ದಾನೆ. ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲಿನ ಹೊದಿಕೆ, ಹದಿನೈದು ಇಪ್ಪತ್ತು ಜನರನ್ನು ಹೊರುವ ಶಕ್ತಿ, ನೆಟ್ಟಗೆ ಸಾಗದೆ ಸುತ್ತುತ್ತಲೇ ಮುಂದುವರಿಯುವ ಗತಿ, ಇವೆಲ್ಲವೂ ಅವನ ಕಣ್ಣಿಗೆ ಬಿದ್ದಿವೆ. ಮುಂದೆ ವೆಲಿಂಗ್ಟನ್ ಡ್ಯೂಕನೆಂದು ಹೆಸರಾದ ಆರ್ಥರ್ ವೆಲೆಸ್ಲಿಯು ದಕ್ಷಿಣದಲ್ಲಿ ದಂಡೆತ್ತಿ ನಡೆದಾಗ ಮಳೆಗಾಲದ ಹೊಳೆಗಳನ್ನು ದಾಟಲು ನೆಚ್ಚಿದ್ದು ಇಂತಹ ಬುಟ್ಟಿದೋಣಿಗಳನ್ನೇ.

ಈ ದೋಣಿಯ ಮರ್ಮವು ಬಹು ಸರಳವಾದುದು. ಭಾರವನ್ನು ಹೊರುವುದು ಬಿದಿರಿನ ಹಂದರ. ನೀರನ್ನು ತಡೆಯುವುದು ಹೊದಿಕೆ. ಹಂದರವಿಲ್ಲದ ಹೊದಿಕೆ ಮುದುಡುತ್ತದೆ, ಹೊದಿಕೆಯಿಲ್ಲದ ಹಂದರ ಮುಳುಗುತ್ತದೆ. ಇವೆರಡರಲ್ಲಿ ಮೊದಲು ಸವೆಯುವುದು ಹೊದಿಕೆಯೇ ಆದುದರಿಂದ ಹರಿಗೋಲನ್ನು ಒಮ್ಮೆ ಕಟ್ಟಿ ಮುಗಿಸಿದೆನೆಂದು ಯಾವ ಮೇದಾರನೂ ಹೇಳಲಾರ. ಮತ್ತೆ ಮತ್ತೆ ಹೊದಿಸಬೇಕು, ಅಂಚನ್ನು ಬಿಗಿಯಬೇಕು, ಮುರಿದ ದಬ್ಬೆಯನ್ನು ತೆಗೆದು ಹೊಸದನ್ನು ಸೇರಿಸಬೇಕು. ತೊಗಲು ಹೋಗಿ ಪ್ಲಾಸ್ಟಿಕ್ ಹಾಳೆಯೂ ಅದರ ಮೇಲೆ ಡಾಂಬರೂ ಬಂದುದು ಕೂಡ ಇಂತಹ ರಿಪೇರಿಯ ಮೂಲಕವೇ ಹೊರತು ಯಾವ ಪಂಡಿತನ ಉಪದೇಶದಿಂದಲೂ ಅಲ್ಲ.

ಇದೇ ಮರ್ಮದ ಮೇಲೆ ಕಟ್ಟಿದ ಇನ್ನೊಂದು ವಾಹನವು 1932ನೆಯ ಅಕ್ಟೋಬರ್ 15ರಂದು ಆಕಾಶಮಾರ್ಗವಾಗಿ ಬಳ್ಳಾರಿಗೆ ಬಂದಿಳಿಯಿತು. ಅಂದು ಬೆಳಿಗ್ಗೆ ಜೆ. ಆರ್. ಡಿ. ಟಾಟಾ ಅವರು ಕರಾಚಿಯಿಂದ ಟಪಾಲಿನ ಚೀಲಗಳನ್ನು ಹೊತ್ತು ಅಹಮದಾಬಾದಿನ ಮೇಲೆ ಮುಂಬಯಿಯ ಜುಹೂ ಬಯಲಿಗೆ ಹಾರಿದ ಸಂಗತಿಯು ಎಲ್ಲರಿಗೂ ಗೊತ್ತು. ಅಲ್ಲಿಂದ ಮುಂದಿನ ಟಪಾಲನ್ನು ತೆಗೆದುಕೊಂಡು ಹೊರಟವನು ನೆವಿಲ್ ವಿನ್ಸೆಂಟ್. ಮೊದಲು ಬ್ರಿಟಿಷ್ ವಾಯುಪಡೆಯಲ್ಲಿದ್ದು, ಬಳಿಕ ಊರೂರು ಸುತ್ತಿ ಜನರಿಗೆ ವಿಮಾನಯಾನದ ರುಚಿ ತೋರಿಸುತ್ತಿದ್ದ ಈತನೇ ಟಾಟಾ ಅವರಿಗೆ ವಾಯು ಟಪಾಲಿನ ಯೋಜನೆಯನ್ನು ಸೂಚಿಸಿದವನು. ಆ ರಾತ್ರಿ ಅವನ ತಂಗುದಾಣ ಬಳ್ಳಾರಿ, ಮರುದಿನ ಮದ್ರಾಸು. ಭಾರತದ ಮೊದಲ ದೇಶೀಯ ವಾಯು ಟಪಾಲಿನ ವಿಮಾನವು ಒಂದು ರಾತ್ರಿ ವಿಶ್ರಮಿಸಿದ್ದು ಈ ಸೀಮೆಯ ನೆಲದ ಮೇಲೆ ಎಂಬುದು ಪುಸ್ತಕಗಳಲ್ಲಿ ಅಡಿಮಾತಾಗಿ ಮಾತ್ರ ಉಳಿದಿದೆ. ಟಾಟಾ ಅವರ ಹೆಸರಿನ ಪ್ರಭೆಯಲ್ಲಿ ವಿನ್ಸೆಂಟನ ಹೆಸರು ಮಂಕಾದುದು ನ್ಯಾಯವಲ್ಲ. 1942ರಲ್ಲಿ ಯುದ್ಧದ ನಡುವೆ ಅವನು ಪ್ರಯಾಣಿಸುತ್ತಿದ್ದ ವಿಮಾನವು ಮರಳಿ ಬರಲಿಲ್ಲ.

ಆ ವಿಮಾನದ ಹೆಸರು ಪುಸ್ ಮಾತ್. ಇಂಗ್ಲೆಂಡಿನ ಡಿ ಹ್ಯಾವಿಲೆಂಡ್ ಕಂಪೆನಿಯದು. 1929ರಲ್ಲಿ ಮೊದಲು ಹಾರಿದ್ದು. ಒಡಲು ಬೆಸುಗೆ ಹಾಕಿದ ಉಕ್ಕಿನ ಕೊಳವೆಗಳ ಹಂದರ, ರೆಕ್ಕೆ ಮರದ್ದು, ಇವೆರಡರ ಮೇಲೂ ಬಿಗಿದ ಬಟ್ಟೆ. ಅಂದಿನ ವಿಮಾನಗಳಲ್ಲಿ ಬಟ್ಟೆಯ ಮೇಲೆ ಬಳಿಯುತ್ತಿದ್ದ ಮೆರುಗೆಣ್ಣೆಯಂತಹ ದ್ರವಕ್ಕೆ ಡೋಪು ಎಂದು ಹೆಸರು. ಒಣಗುತ್ತ ಬಂದಂತೆ ಅದು ಬಟ್ಟೆಯನ್ನು ಕುಗ್ಗಿಸಿ ತಮಟೆಯ ಚರ್ಮದಂತೆ ಬಿಗಿ ಮಾಡುತ್ತದೆ, ಗಾಳಿ ನೀರು ಒಳನುಗ್ಗದಂತೆ ರಂಧ್ರಗಳನ್ನು ಮುಚ್ಚುತ್ತದೆ. ಕಂಪ್ಲಿಯ ದೋಣಿಗೆ ಡಾಂಬರು ಮಾಡುವ ಕೆಲಸವನ್ನೇ ಇಲ್ಲಿ ಡೋಪು ಮಾಡುತ್ತದೆ. ಭೇದವೊಂದುಂಟು: ದೋಣಿಯ ಹೊದಿಕೆ ಹರಿದರೆ ಪಾದ ನೆನೆಯುತ್ತದೆ, ಅಂಬಿಗನು ದಡದ ಕಡೆಗೆ ಹುಟ್ಟು ಹಾಕುತ್ತಾನೆ, ಸಾವಿರಾರು ಅಡಿಗಳ ಮೇಲೆ ಹೊದಿಕೆ ಹರಿದರೆ ದಡವೆಂಬುದಿಲ್ಲ.

ಇಂತಹ ಯಂತ್ರಕ್ಕೆ ಶತ್ರುಗಳು ಅನೇಕ. ಬಿಸಿಲು ಬಟ್ಟೆಯ ಎಳೆಗಳ ಕಸುವನ್ನು ಹೀರುತ್ತದೆ. ಅದಕ್ಕಾಗಿಯೇ ಡೋಪಿನಲ್ಲಿ ಅಲ್ಯೂಮಿನಿಯಮ್ ಪುಡಿಯನ್ನು ಬೆರೆಸಿ ಬೆಳಕಿಗೆ ತಡೆಯೊಡ್ಡುವ ಪದ್ಧತಿ ಬಂತು. ಮಳೆಗಾಲದ ತೇವವು ಮರದ ಅಂಟನ್ನು ಸಡಿಲಿಸುತ್ತದೆ. ಉಕ್ಕಿನ ಕೊಳವೆಯು ಹೊರಗೆ ಬಣ್ಣದಿಂದ ಹೊಳೆಯುತ್ತಿದ್ದರೂ ಒಳಗೆ ತುಕ್ಕು ಹಿಡಿಯಬಹುದು. ಆ ಭಯದಿಂದ ಕೊಳವೆಯೊಳಗೆ ಅಗಸೆಯೆಣ್ಣೆಯನ್ನು ಹರಿಯಿಸಿ ಬಾಯಿ ಮುಚ್ಚುವ ರೂಢಿಯುಂಟು. ಟಾಟಾ ಟಪಾಲಿನ ಆರಂಭದ ವರ್ಷಗಳಲ್ಲಿ ರೇಡಿಯೋ ಇರಲಿಲ್ಲ, ದಾರಿ ತೋರುವ ದೀಪಗಳಿರಲಿಲ್ಲ. ಮಳೆಗಾಲದಲ್ಲಿ ಜುಹೂ ಬಯಲು ಕೆಸರಾಗಿ ವಿಮಾನಗಳನ್ನು ಪುಣೆಗೆ ಸಾಗಿಸಬೇಕಾಗುತ್ತಿತ್ತು. ಹೀಗಿದ್ದೂ ಟಪಾಲು ಹೊತ್ತಿಗೆ ಸರಿಯಾಗಿ ಮುಟ್ಟುತ್ತಿದ್ದುದಕ್ಕೆ ಹಾರಿದವರ ಧೈರ್ಯವೆಷ್ಟು ಕಾರಣವೋ, ಕೈಯಲ್ಲಿ ಸ್ಪಾನರು ಹಿಡಿದು ನೆಲದ ಮೇಲೆ ನಿಂತಿದ್ದ ಬೆರಳೆಣಿಕೆಯ ಮೆಕ್ಯಾನಿಕರ ಎಚ್ಚರವೂ ಅಷ್ಟೇ ಕಾರಣ.

ಪುಸ್ ಮಾತಿನ ಇನ್ನೊಂದು ಕಥೆ ಇಲ್ಲಿ ಹೇಳತಕ್ಕದ್ದು. 1930ರ ಅಕ್ಟೋಬರಿನಲ್ಲಿ ಆಸ್ಟ್ರೇಲಿಯದಲ್ಲಿ ಈ ಜಾತಿಯ ವಿಮಾನವೊಂದು ಹಾರುತ್ತಿದ್ದಂತೆಯೇ ಗಾಳಿಯಲ್ಲಿ ಒಡೆದುಹೋಯಿತು. 1931ರಲ್ಲಿ ದಕ್ಷಿಣ ಆಫ್ರಿಕದ ಬೆಟ್ಟಗಳ ಮೇಲೆ ಗ್ಲೆನ್ ಕಿಡ್‌ಸ್ಟನ್ ಎಂಬ ಹೆಸರಾಂತ ಸಾಹಸಿ ಇದೇ ರೀತಿ ಮಡಿದನು. ಇನ್ನೂ ಕೆಲವು ದುರಂತಗಳು ನಡೆದುವು. ತಯಾರಕರು, ಸರಕಾರದ ಪರೀಕ್ಷಕರು ಎಲ್ಲರೂ ಬಹುಕಾಲ ತಲೆ ಕೆಡಿಸಿಕೊಂಡ ಮೇಲೆ, ಗಾಳಿಯ ಹೊಯ್ದಾಟದಲ್ಲಿ ರೆಕ್ಕೆಗೆ ಕೊಟ್ಟಿದ್ದ ಮುಂದಿನ ಆಸರೆಗೋಲು ಸೋಲುತ್ತಿದ್ದುದೇ ಮೂಲವೆಂದು ಕಂಡುಬಂದು, ಆ ಗೋಲಿನ ರಚನೆಯನ್ನು ಮಾರ್ಪಡಿಸಿದರು. ಆ ಬಳಿಕ ರೋಗ ಹಿಡಿತಕ್ಕೆ ಬಂತು. ನೋಡುವವನ ಕಣ್ಣಿಗೆ ಹಳೆಯ ವಿಮಾನವೂ ತಿದ್ದಿದ ವಿಮಾನವೂ ಒಂದೇ. ನಡುವಣ ಅಂತರವಾದರೋ ಬದುಕಿಗೂ ಸಾವಿಗೂ ಇರುವಷ್ಟು. ವಿನ್ಸೆಂಟನು ಬಳ್ಳಾರಿಯಲ್ಲಿ ಇಳಿದಾಗ ಈ ಜಾತಿಯ ವಿಮಾನದ ಕೀರ್ತಿಯ ಮೇಲೆ ಆ ಕರಿನೆರಳು ಇನ್ನೂ ಹಸಿಯಾಗಿಯೇ ಇತ್ತು ಎಂಬುದನ್ನು ನೆನೆದರೆ ಆ ಒಂದು ರಾತ್ರಿಯ ತಂಗುವಿಕೆಗೆ ಬೇರೆಯೇ ಬೆಲೆ ಬರುತ್ತದೆ.

ಬಳ್ಳಾರಿಗೆ ದೊರೆತ ಈ ಗೌರವ ಬಹುಕಾಲ ನಿಲ್ಲಲಿಲ್ಲ. 1938ರಲ್ಲಿ ಕರಾಚಿಯಿಂದ ಕೊಲಂಬೋವರೆಗೆ ಟಪಾಲು ಹಾರುವ ಹೊತ್ತಿಗೆ ದಾರಿಯು ಹೈದರಾಬಾದಿನ ಮೇಲೆ ಹೊರಳಿತ್ತು.

ವಿಮಾನದ ಮಾತು ಬಂದಾಗ ಹಂಪೆಯ ಆಚೀಚಿನ ಜನರಿಗೆ ಮೊದಲು ನೆನಪಾಗುವುದು ಪುಷ್ಪಕ. ರಾವಣನು ಹೊತ್ತೊಯ್ಯುವಾಗ ಸೀತೆ ಒಡವೆಗಳ ಗಂಟನ್ನು ಎಸೆದುದು ಋಷ್ಯಮೂಕದ ಮೇಲಿದ್ದ ವಾನರರ ನಡುವೆ. ಮರಳುವಾಗ ಪುಷ್ಪಕದಿಂದ ರಾಮನು ಅವಳಿಗೆ ಕಿಷ್ಕಿಂಧೆಯನ್ನು ಬೆರಳೆತ್ತಿ ತೋರಿಸಿದನಷ್ಟೆ. ಕಾವ್ಯಕ್ಕೆ ಅದು ಭೂಷಣ. ಆದರೆ ಕಾವ್ಯವನ್ನು ಕಾರ್ಖಾನೆಯ ನಕ್ಷೆಯೆಂದು ತಿಳಿಯುವವರೂ ಇದ್ದಾರೆ. ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಹೇಳಿ ಬರೆಯಿಸಿದ ‘ವೈಮಾನಿಕ ಶಾಸ್ತ್ರ’ದಲ್ಲಿರುವ ಯಂತ್ರಗಳನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರು 1974ರಲ್ಲಿ ಪರಿಶೀಲಿಸಿ, ಅವು ಹಾರತಕ್ಕವಲ್ಲವೆಂದು ಸ್ಪಷ್ಟವಾಗಿ ತಿಳಿಸಿದರು. ಕನ್ನಡ ನಾಡಿಗೆ ವಿಮಾನವಿದ್ಯೆ ಬಂದುದು ತಾಳೆಗರಿಯಿಂದಲ್ಲ, ಪೆಟ್ಟಿಗೆಗಳಲ್ಲಿ ತುಂಬಿ ಬಂದ ಬಿಡಿಭಾಗಗಳಿಂದ.

ಅದು ಹೀಗಾಯಿತು. 1940ನೆಯ ಡಿಸೆಂಬರ್ 23ರಂದು ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪೆನಿ ಸ್ಥಾಪಿತವಾಯಿತು. ಉದ್ಯಮಿ ವಾಲಚಂದ್ ಹಿರಾಚಂದರ ಸಾಹಸಕ್ಕೆ ಮೈಸೂರು ಸರಕಾರ ಕೈಜೋಡಿಸಿತು. ಅಮೆರಿಕದ ವಿಲಿಯಮ್ ಪಾಲಿಯು ಯಂತ್ರಜ್ಞಾನದ ಭಾರ ಹೊತ್ತನು. 1941ರ ಆಗಸ್ಟಿನಲ್ಲಿ ಅಲ್ಲಿಂದ ಮೇಲೆದ್ದ ಮೊದಲ ವಿಮಾನವು ಹಾರ್ಲೋ ಎಂಬ ತರಬೇತಿ ವಿಮಾನ. ಅಮೆರಿಕದಿಂದ ಬಿಡಿಭಾಗಗಳಾಗಿ ಬಂದುದನ್ನು ಇಲ್ಲಿ ಜೋಡಿಸಿದರು. ಈ ಹಾರ್ಲೋ ವಿಮಾನದ ವಂಶವೃತ್ತಾಂತವು ಸ್ವಾರಸ್ಯವಾದುದು. ಕ್ಯಾಲಿಫೋರ್ನಿಯದ ಪ್ಯಾಸಡೀನಾ ಜೂನಿಯರ್ ಕಾಲೇಜಿನಲ್ಲಿ ಮ್ಯಾಕ್ಸ್ ಹಾರ್ಲೋ ಎಂಬ ಅಧ್ಯಾಪಕನು ತನ್ನ ವಿದ್ಯಾರ್ಥಿಗಳಿಂದ ತರಗತಿಯ ಅಭ್ಯಾಸಕ್ಕೆಂದು ಕಟ್ಟಿಸಿದ ವಿಮಾನವು 1937ರಲ್ಲಿ ಹಾರಿತು; ಬೆಂಗಳೂರಿಗೆ ಬಂದುದು ಅದೇ ಕುಲದ ಮೊಮ್ಮಗು. ಶಾಲೆಯ ಹುಡುಗರ ಕೈಗೆಲಸವು ಒಂದು ರಾಷ್ಟ್ರದ ವಿಮಾನೋದ್ಯಮಕ್ಕೆ ಅಕ್ಷರಾಭ್ಯಾಸವಾದುದನ್ನು ಕಂಡರೆ, ಜೋಡಿಸುವ ಕೆಲಸವನ್ನು ಹೀನವೆಂದು ಎಣಿಸುವವರು ಸ್ವಲ್ಪ ತಡೆದು ಯೋಚಿಸಬೇಕಾಗುತ್ತದೆ.

ಜೋಡಿಸಿದವರು ಜೋಡಿಸುವುದರಲ್ಲಿಯೇ ನಿಲ್ಲಲಿಲ್ಲ. ಜರ್ಮನಿಯ ಗ್ಯೋಟಿಂಗನ್ನಿನಲ್ಲಿ ಪ್ರಾಂಟಲ್ ಆಚಾರ್ಯರ ಬಳಿ ಕಲಿತು ಬಂದ ವಿ. ಎಂ. ಘಾಟಗೆಯವರು ಯುದ್ಧದ ನಡುವೆಯೇ ಇಲ್ಲಿ ಗ್ಲೈಡರೊಂದನ್ನು ರಚಿಸಿದರು. 1951ರಲ್ಲಿ ಅವರ ಮುಂದಾಳುತನದಲ್ಲಿ ಎಚ್‌ಟಿ-2 ಎಂಬ ತರಬೇತಿ ವಿಮಾನ ಹಾರಿತು. 1958ರ ಸೆಪ್ಟೆಂಬರ್ 28ರಂದು ಹಾರಿದ ಎರಡು ಆಸನಗಳ ಕಿರುವಿಮಾನಕ್ಕೆ ಇಟ್ಟ ಹೆಸರು ‘ಪುಷ್ಪಕ್’. ಅಮೆರಿಕದ ಏರೋಂಕಾ ಎಂಬ ಹಗುರ ವಿಮಾನದ ಮಾದರಿಯನ್ನು ಅನುಸರಿಸಿದ್ದು. 90 ಅಶ್ವಶಕ್ತಿಯ ಎಂಜಿನು, ಉಕ್ಕಿನ ಕೊಳವೆಯ ಒಡಲು, ಮೇಲೆ ಬಟ್ಟೆ. ರಾಮಾಯಣದ ಪುಷ್ಪಕದಲ್ಲಿ ಎಷ್ಟು ಜನ ಹತ್ತಿದರೂ ಇನ್ನೊಬ್ಬರಿಗೆ ಎಡೆಯಿತ್ತಂತೆ. ಬೆಂಗಳೂರಿನ ಪುಷ್ಪಕದಲ್ಲಿ ಇಬ್ಬರು ಕುಳಿತರೆ ಮುಗಿಯಿತು. ಆದರೂ ನೂರೈವತ್ತರಷ್ಟು ತಯಾರಾಗಿ, ದೇಶದ ಹಾರಾಟದ ಕ್ಲಬ್ಬುಗಳಲ್ಲಿ ಎಷ್ಟೋ ವೈಮಾನಿಕರಿಗೆ ಮೊದಲ ಪಾಠ ಹೇಳಿದ್ದು ಈ ಬಟ್ಟೆಯ ವಿಮಾನವೇ.

ಕಾರ್ಖಾನೆಯ ಕಥೆ ಹೀಗಿರಲು, ಮನೆಯ ಕೊಟ್ಟಿಗೆಯಲ್ಲಿ ತನ್ನ ವಿಮಾನವನ್ನು ತಾನೇ ಕಟ್ಟಿಕೊಳ್ಳುವ ಹಂಬಲವು ಪಶ್ಚಿಮದ ದೇಶಗಳಲ್ಲಿ ಬೇರೊಂದು ಪರಂಪರೆಯನ್ನೇ ಬೆಳೆಸಿತ್ತು. ಫ್ರಾನ್ಸಿನ ಆಂರಿ ಮಿನ್ಯೆ ಎಂಬಾತನು 1933ರಲ್ಲಿ ‘ಆಕಾಶದ ಹೇನು’ ಎಂಬ ಅರ್ಥದ ಹೆಸರಿನ ಪುಟ್ಟ ವಿಮಾನವನ್ನು ಕಟ್ಟಿ ಹಾರಿಸಿ, ಮರುವರ್ಷ ಅದನ್ನು ಕಟ್ಟುವ ಬಗೆಯನ್ನು ಪುಸ್ತಕವಾಗಿ ಬರೆದನು. ಪೆಟ್ಟಿಗೆಗೆ ಮೊಳೆ ಹೊಡೆಯಬಲ್ಲವನು ವಿಮಾನವನ್ನೂ ಕಟ್ಟಬಲ್ಲ ಎಂಬುದು ಅವನ ಧೋರಣೆ. ಮರಗೆಲಸ ಬಲ್ಲ ಅನೇಕರು ಮೋಟಾರ್ ಸೈಕಲ್ಲಿನ ಎಂಜಿನನ್ನು ಕೂಡ ಅದಕ್ಕೆ ಜೋಡಿಸಿ ಹಾರಿದರು, ಕೆಲವರು ಸತ್ತರು. ಮುಂದಿನ ರೆಕ್ಕೆಯೂ ಹಿಂದಿನ ರೆಕ್ಕೆಯೂ ಬಹಳ ಸಮೀಪವಿದ್ದುದರಿಂದ, ಮೂತಿ ಕೆಳಗಾದ ಒಂದು ಭಂಗಿಯಲ್ಲಿ ಮೇಲೆತ್ತಲು ಕೋಲನ್ನು ಎಳೆದಷ್ಟೂ ವಿಮಾನವು ಇನ್ನಷ್ಟು ಕೆಳಗೆ ಧುಮುಕುತ್ತಿತ್ತು. ಇದು ತಿಳಿದದ್ದು 1936ರಲ್ಲಿ, ಇಡೀ ವಿಮಾನವನ್ನು ಗಾಳಿಸುರಂಗದಲ್ಲಿ ಇಟ್ಟು ಪರೀಕ್ಷಿಸಿದ ಮೇಲೆ. ಬ್ರಿಟನ್ನಿನಲ್ಲಿ ಅದರ ಹಾರಾಟಕ್ಕೆ ತಡೆ ಬಿತ್ತು. ಸತ್ತವರಾರೂ ಮೊಳೆ ಹೊಡೆಯುವುದರಲ್ಲಿ ತಪ್ಪಿದವರಲ್ಲ.

ಎರಡನೆಯ ಮಹಾಯುದ್ಧದ ತರುವಾಯ ಈ ಹವ್ಯಾಸಕ್ಕೆ ಕಟ್ಟುಪಾಡುಗಳು ಬಂದವು. ಅಮೆರಿಕದಲ್ಲಿ, ಕೆಲಸದ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಕಟ್ಟುವವನೇ ಕಲಿಕೆಗಾಗಿಯೋ ವಿನೋದಕ್ಕಾಗಿಯೋ ಮಾಡಿದ್ದರೆ ಮಾತ್ರ ಅದು ಸ್ವಗೃಹನಿರ್ಮಿತ ವಿಮಾನವೆಂದು ಎಣಿಕೆ. ಅಲ್ಲಿಯ ಬರ್ಟ್ ರುಟಾನನು 1979ರಲ್ಲಿ ಹಾರಿಸಿದ ‘ಲಾಂಗ್-ಈಝೀ’ ಎಂಬುದು ಈ ಪಂಥದ ಅತ್ಯಂತ ಪ್ರಸಿದ್ಧವಾದ ಕೃತಿ. ಕಿರುರೆಕ್ಕೆ ಮುಂದೆ, ಎಂಜಿನು ಹಿಂದೆ. ಹಂದರವೂ ಇಲ್ಲ, ಬಟ್ಟೆಯೂ ಇಲ್ಲ. ಹಗುರವಾದ ನೊರೆಪದಾರ್ಥವನ್ನು ಕಾದ ತಂತಿಯಿಂದ ರೆಕ್ಕೆಯ ಆಕಾರಕ್ಕೆ ಕೊಯ್ದು, ಮೇಲೆ ಗಾಜಿನ ನೂಲಿನ ಬಟ್ಟೆಯನ್ನು ಎಪಾಕ್ಸಿ ಅಂಟಿನಲ್ಲಿ ಅದ್ದಿ ಹೊದಿಸುವ ಕ್ರಮ. ಇಲ್ಲಿ ಹೊದಿಕೆಯೇ ಭಾರ ಹೊರುತ್ತದೆ. ಹರಿಗೋಲಿನ ಉಪಮೆ ಇಲ್ಲಿಗೆ ಸಲ್ಲುವುದಿಲ್ಲ. ಬಿಸಿಲಿಗೆ ಅಂಟು ಮೆತ್ತಗಾಗುವ ಭಯವಿರುವುದರಿಂದ ಇಂತಹ ವಿಮಾನಕ್ಕೆ ಬಿಳಿಯ ಬಣ್ಣವೇ ವಿಧಿ. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದವರು ರುಟಾನನ ಈ ನಕ್ಷೆಯನ್ನು ಆಧರಿಸಿ ಸಂಶೋಧನೆಗಾಗಿ ಕಿರುವಿಮಾನವೊಂದನ್ನು ಕಟ್ಟಿ 1987ರಲ್ಲಿ ಹಾರಿಸಿದರು. ಗಾಜುನೂಲಿನ ವಿದ್ಯೆ ಆ ಸಂಸ್ಥೆಯ ಕೈಗೆ ಹತ್ತಿದುದು ಇಂತಹ ಕೆಲಸದಲ್ಲಿ. 1993ರಲ್ಲಿ ಅವರ ‘ಹಂಸ’ ಹಾರಿತು. ತಿದ್ದಿದ ರೂಪವಾದ ಹಂಸ-3ಕ್ಕೆ 2000ದಲ್ಲಿ ಸರಕಾರದ ಪ್ರಮಾಣಪತ್ರ ದೊರೆತು, ಹತ್ತಕ್ಕೂ ಹೆಚ್ಚು ವಿಮಾನಗಳು ತಯಾರಾದವು. ಹೊಸ ಪೀಳಿಗೆಯ ಹಂಸ 2021ರ ಸೆಪ್ಟೆಂಬರಿನಲ್ಲಿ ಮೇಲೆದ್ದಿತು. ಹವ್ಯಾಸಿಗಳ ಕೊಟ್ಟಿಗೆಯಿಂದ ಹೊರಟ ವಿದ್ಯೆಯು ಹೀಗೆ ರಾಜಮಾನ್ಯತೆಯನ್ನು ಪಡೆಯಿತು.

ಇದೇ ಲಾಂಗ್-ಈಝೀ ಜಾತಿಯ ವಿಮಾನದಲ್ಲಿ 1997ರ ಅಕ್ಟೋಬರ್ 12ರಂದು ಅಮೆರಿಕದ ಪ್ರಖ್ಯಾತ ಗಾಯಕ ಜಾನ್ ಡೆನ್ವರ್ ಕ್ಯಾಲಿಫೋರ್ನಿಯದ ಕಡಲಿಗೆ ಬಿದ್ದು ಮಡಿದನು. ಆ ವಿಮಾನವನ್ನು ಕಟ್ಟಿದವನು ಬೇರೊಬ್ಬ. ಗಾಯಕನು ಅದನ್ನು ಹೊಸದಾಗಿ ಕೊಂಡಿದ್ದನು. ರುಟಾನನ ನಕ್ಷೆಯಲ್ಲಿ ಪೆಟ್ರೋಲಿನ ತೊಟ್ಟಿಯನ್ನು ಬದಲಿಸುವ ತಿರುಗಣೆಯು ಹಾರಿಸುವವನ ಕಾಲುಗಳ ನಡುವೆ ಇರುತ್ತದೆ. ಕಟ್ಟಿದವನು, ಪೆಟ್ರೋಲಿನ ನಳಿಗೆ ಆಸನದ ಬಳಿ ಬರದಿರಲೆಂದು, ಅದನ್ನು ಎಡ ಭುಜದ ಹಿಂದಕ್ಕೆ ಸಾಗಿಸಿದ್ದನು. ಉದ್ದೇಶ ಒಳ್ಳೆಯದೇ; ಬೆಂಕಿಯ ಭಯ ಯಾರಿಗಿಲ್ಲ? ಆದರೆ ಆ ತಿರುಗಣೆಯನ್ನು ಮುಟ್ಟಬೇಕಾದರೆ ಹಿಂದಕ್ಕೆ ತಿರುಗಬೇಕು. ಹಾಗೆ ಮೈ ತಿರುಗಿಸುವಾಗ ಬಲಗಾಲು ಚುಕ್ಕಾಣಿಯ ಪಾದಗೋಲನ್ನು ತನಗರಿವಿಲ್ಲದೆ ಒತ್ತುತ್ತದೆ. ತಿರುಗಣೆಯ ಮೇಲೆ ಗುರುತೂ ಇರಲಿಲ್ಲ. ತನಿಖೆಯ ಅಧಿಕಾರಿಗಳು ಅಪಘಾತದ ಕಾರಣಗಳಲ್ಲಿ ಈ ಸ್ಥಳಾಂತರವನ್ನೂ ಸೇರಿಸಿ ಹೇಳಿದರು. ಒಂದು ಅಪಾಯವನ್ನು ದೂರ ಮಾಡಲು ಹೋಗಿ ಇನ್ನೊಂದನ್ನು ಒಳಗೆ ಕರೆದುಕೊಂಡ ಮಾರ್ಪಾಟಿಗೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಕ್ಕುವುದು ಕಷ್ಟ.

ಬೆಂಗಳೂರಿನಲ್ಲಿ ಇನ್ನೊಂದು ಹಂಸವೂ ಬೆಳೆಯಿತು. ಅದರ ಹೆಸರನ್ನು ಕನ್ನಡಿಗರಿಗಿಂತ ಹೊರದೇಶದವರೇ ಹೆಚ್ಚಾಗಿ ಬಲ್ಲರು ಎಂಬುದು ಸೋಜಿಗ. ಫ್ರೆಂಚ್ ದೇಶದ ಜೋಯೆಲ್ ಕೋಶ್ಲಿನ್ ಎಂಬವರು 1980ರಲ್ಲಿ ಇಲ್ಲಿ ರಾಜಹಂಸ ಅಲ್ಟ್ರಾಲೈಟ್ಸ್ ಎಂಬ ಸಂಸ್ಥೆಯನ್ನು ತೆರೆದರು. ಮನುಷ್ಯನು ತೂಗಿಕೊಂಡು ತೇಲುವ ಎಂಜಿನಿಲ್ಲದ ರೆಕ್ಕೆಗಳಿಂದ ಕೆಲಸ ಆರಂಭವಾಗಿ, ಮುಂದೆ ‘ಎಕ್ಸ್-ಏರ್’ ಎಂಬ ಎರಡಾಸನದ ಹಗುರ ವಿಮಾನಕ್ಕೆ ಮುಟ್ಟಿತು. ಬೆಂಗಳೂರಿನಲ್ಲಿ ಕೊಯ್ದ ಕೊಳವೆಗಳೂ ಹೊಲಿದ ಬಟ್ಟೆಯೂ ಪೆಟ್ಟಿಗೆಗಳಲ್ಲಿ ಫ್ರಾನ್ಸು, ಬ್ರಿಟನ್ ಮೊದಲಾದ ದೇಶಗಳಿಗೆ ಹೋಗಿ, ಅಲ್ಲಿಯ ಗೃಹಸ್ಥರು ರಜೆಯ ದಿನಗಳಲ್ಲಿ ಅವನ್ನು ಜೋಡಿಸಿ ಹಾರಿದರು. 1941ರಲ್ಲಿ ಪಶ್ಚಿಮದಿಂದ ಪೆಟ್ಟಿಗೆಗಳು ಬೆಂಗಳೂರಿಗೆ ಬಂದಿದ್ದವು. ಅರ್ಧ ಶತಮಾನದ ಮೇಲೆ ಬೆಂಗಳೂರಿನಿಂದ ಪೆಟ್ಟಿಗೆಗಳು ಪಶ್ಚಿಮಕ್ಕೆ ಹೊರಟವು. ಈ ವಂಶದ ಮುಂದಿನ ಮಾದರಿಯೊಂದಕ್ಕೆ ಇಟ್ಟ ಹೆಸರು ‘ಹನುಮಾನ್’. ತುಂಗಭದ್ರೆಯ ಆಚೆ ದಡದಲ್ಲಿರುವ ಅಂಜನಾದ್ರಿಯನ್ನು ಹನುಮಂತನ ಜನ್ಮಸ್ಥಾನವೆಂದು ನಂಬಿದ ಹೊಸಪೇಟೆಯ ಕಡೆಯವರಿಗೆ ಇದು ಹಿತವಾದ ಸುದ್ದಿ.

ಎಕ್ಸ್-ಏರ್ ವಿಮಾನದಲ್ಲಿ ಹರಿಗೋಲಿನ ಮರ್ಮ ಮತ್ತೆ ಮರಳುತ್ತದೆ. ಅಲ್ಯೂಮಿನಿಯಮ್ ಕೊಳವೆಗಳನ್ನು ಬೋಲ್ಟು ಹಾಕಿ ಬಿಗಿದ ಹಂದರ, ಅದರ ಮೇಲೆ ದಿಂಬಿನ ಚೀಲದಂತೆ ಹೊಲಿದು ತೊಡಿಸುವ ಡೇಕ್ರಾನ್ ಎಂಬ ಹಾಯಿಬಟ್ಟೆ. ಇಬ್ಬರು ಕುಳಿತು ಪೆಟ್ರೋಲು ತುಂಬಿದ ಮೇಲೂ ಒಟ್ಟು ತೂಕ 450 ಕಿಲೋಗ್ರಾಂ ಮೀರಬಾರದು. ಡೋಪಿನ ರಕ್ಷೆಯಿಲ್ಲದ ಈ ಬಟ್ಟೆಗೆ ಬಿಸಿಲು ಪರಮ ವೈರಿ. ಬಟ್ಟೆ ಗಟ್ಟಿಯಾಗಿದ್ದು ಹೊಲಿಗೆಯ ದಾರ ಮಾತ್ರ ಜೀರ್ಣವಾಗಿರುವುದೂ ಉಂಟು. ಬರಿಗಣ್ಣಿಗೆ ಇದು ಕಾಣದು. ಆದಕಾರಣ ಬ್ರಿಟನ್ನಿನಲ್ಲಿ ಒಂದು ಪರೀಕ್ಷೆಯನ್ನು ಬಳಕೆಗೆ ತಂದರು: ಸಣ್ಣ ಸೂಜಿಯನ್ನು ಬಟ್ಟೆಯಲ್ಲಿ ಚುಚ್ಚಿ, ಸ್ಪ್ರಿಂಗ್ ತಕ್ಕಡಿಯಿಂದ ಗೊತ್ತಾದ ತೂಕದವರೆಗೆ ಎಳೆಯುವುದು. ರಂಧ್ರ ಹರಿಯದಿದ್ದರೆ ಬಟ್ಟೆಗೆ ಇನ್ನಷ್ಟು ಆಯುಷ್ಯ. ಹರಿದರೆ ಹೊದಿಕೆಯನ್ನೇ ಬದಲಿಸಬೇಕು. ಬಳ್ಳಾರಿಯ ಚೈತ್ರ ವೈಶಾಖದ ಬಿಸಿಲನ್ನು ಬಲ್ಲವರಿಗೆ ಇಂತಹ ವಿಮಾನವನ್ನು ಬಯಲಿನಲ್ಲಿ ಬಿಡುವುದು ಸಲ್ಲದೆಂದು ಹೇಳಿಕೊಡಬೇಕಾಗಿಲ್ಲ.

ಬೋಲ್ಟಿನ ವಿಷಯವೂ ಅಷ್ಟೇ ಗಹನವಾದುದು. ಬಿರುಸಾಗಿ ನೆಲಕ್ಕೆ ಇಳಿದಾಗ ಕೊಳವೆ ಬಾಗದಿದ್ದರೂ ಬೋಲ್ಟಿನ ತೂತು ಕೂದಲೆಳೆಯಷ್ಟು ಉದ್ದವಾಗಬಹುದು. ಆ ಸಡಿಲವು ಪ್ರತಿ ಹಾರಾಟದಲ್ಲಿಯೂ ತನ್ನನ್ನು ತಾನೇ ಹಿಗ್ಗಿಸಿಕೊಳ್ಳುತ್ತದೆ. ಕಳೆದುಹೋದ ಬೋಲ್ಟಿಗೆ ಬದಲಾಗಿ ಪೇಟೆಯ ಅಂಗಡಿಯಿಂದ ಅದೇ ಅಳತೆಯ ಇನ್ನೊಂದನ್ನು ತಂದು ಹಾಕಿದರೆ ಅದು ಕೂಡಿಕೊಳ್ಳುತ್ತದೆ, ತಿರುಗುತ್ತದೆ, ಬಿಗಿಯಾಗುತ್ತದೆ. ಆದರೆ ಲೋಹದ ಜಾತಿ ಬೇರೆಯಾದ್ದರಿಂದ ಹೊರೆ ಬಿದ್ದಾಗ ಕತ್ತರಿಸಿಹೋಗುತ್ತದೆ. ಎತ್ತಿನ ಗಾಡಿಗೆ ಸಲ್ಲುವ ಜಾಣತನ ಇಲ್ಲಿ ಸಲ್ಲದು.

ಎಂಜಿನಿನ ಬದಲಾವಣೆಯು ಮಾರ್ಪಾಟುಗಳಲ್ಲೆಲ್ಲ ಹಿರಿದು. ಎಕ್ಸ್-ಏರ್ ವಿಮಾನಕ್ಕೆ ಮೊದಲು ಕೂಡಿಸುತ್ತಿದ್ದುದು ಆಸ್ಟ್ರಿಯದ ರೋಟಾಕ್ಸ್ ಕಂಪೆನಿಯ ಎರಡು ಹೊಡೆತದ ಎಂಜಿನು. ಪೆಟ್ರೋಲಿನಲ್ಲಿ ಎಣ್ಣೆ ಬೆರೆಸಿ ಓಡಿಸುವ ಈ ಯಂತ್ರ ಹಗುರ, ಆದರೆ ಚಂಚಲ. 300 ಗಂಟೆ ಓಡಿದ ಮೇಲೆ ಪೂರಾ ಬಿಚ್ಚಿ ಕೂಡಿಸಬೇಕೆಂದು ನಿಯಮ. ಎಂಜಿನು ಯಾವ ಕ್ಷಣದಲ್ಲಾದರೂ ನಿಂತುಹೋಗಬಹುದು, ಇಳಿಯಲು ಸ್ಥಳವಿಲ್ಲದ ಕಡೆ ಹಾರಬೇಡಿರಿ ಎಂದು ತಯಾರಕರೇ ತಮ್ಮ ಕೈಪಿಡಿಯಲ್ಲಿ ಅಚ್ಚು ಹಾಕಿಸಿದ್ದಾರೆ. ಇಂತಹ ಪ್ರಾಮಾಣಿಕತೆ ವ್ಯಾಪಾರದಲ್ಲಿ ಅಪರೂಪ. ಆದುದರಿಂದ ಎಷ್ಟೋ ಜನರು ಅದನ್ನು ತೆಗೆದು ಆಸ್ಟ್ರೇಲಿಯದ ಜಬಿರು ಎಂಬ ನಾಲ್ಕು ಹೊಡೆತದ ಎಂಜಿನಿಗೆ ಮನಸ್ಸು ಮಾಡಿದರು. ಎಂಜಿನು ಬದಲಾದರೆ ತೂಕ ಬದಲಾಯಿತು. ತೂಕ ಬದಲಾದರೆ ಭಾರಕೇಂದ್ರ ಸರಿಯಿತು. ಹರಿಗೋಲಿನಲ್ಲಿ ಎಲ್ಲರೂ ಒಂದೇ ಮಗ್ಗುಲಿಗೆ ಕುಳಿತರೆ ಅಂಬಿಗನು ಗದರಿ ಸರಿಯಾಗಿ ಕೂರಿಸುತ್ತಾನೆ. ವಿಮಾನದಲ್ಲಿ ಭಾರವು ಮಿತಿ ಮೀರಿ ಹಿಂದಕ್ಕೆ ಹೋದರೆ, ಮೂತಿ ಒಮ್ಮೆ ಮೇಲೆದ್ದದ್ದು ಕೆಳಗಿಳಿಯುವುದೇ ಇಲ್ಲ. ವೇಗ ಕುಗ್ಗಿ ವಿಮಾನ ಬೀಳುತ್ತದೆ. ಅದಕ್ಕಾಗಿ ಮೂರು ಗಾಲಿಗಳನ್ನೂ ಮೂರು ತಕ್ಕಡಿಗಳ ಮೇಲಿಟ್ಟು ತೂಗಿ, ಒಂದು ನಿಶ್ಚಿತ ಗೆರೆಯಿಂದ ದೂರವನ್ನು ಅಳೆದು, ಗುಣಿಸಿ, ಕೂಡಿಸಿ, ಭಾಗಿಸಿ, ಭಾರಕೇಂದ್ರವನ್ನು ಹೊಸದಾಗಿ ಕಂಡುಕೊಳ್ಳಬೇಕು. ಹೈಸ್ಕೂಲಿನ ಹುಡುಗನಿಗೂ ಬರುವ ಲೆಕ್ಕವಿದು. ಬೇಸರದಿಂದ ಇದನ್ನು ಬಿಟ್ಟವರು ಪ್ರಾಣ ತೆತ್ತಿದ್ದಾರೆ.

ಇನ್ನೂ ಸೂಕ್ಷ್ಮವಾದುದೊಂದುಂಟು, ಬಣ್ಣ. ರೆಕ್ಕೆಯ ಹಿಂದಂಚಿನಲ್ಲಿ ಕೀಲಿನ ಮೇಲೆ ತಿರುಗುವ ಹಲಗೆಗೆ ಐಲರಾನು ಎನ್ನುವರು. ಕೀಲಿನ ಹಿಂದೆ ತೂಕ ಹೆಚ್ಚಾದರೆ, ಒಂದು ವೇಗದಲ್ಲಿ ಅದು ಗಾಳಿಗೆ ಸಿಕ್ಕ ಧ್ವಜದಂತೆ ತಾನಾಗಿ ಪಟಪಟನೆ ಬಡಿಯತೊಡಗಿ ಕ್ಷಣದಲ್ಲಿ ರೆಕ್ಕೆಯನ್ನೇ ಕಿತ್ತುಹಾಕಬಲ್ಲದು. ಅದನ್ನು ತಡೆಯಲು ಅನೇಕ ವಿಮಾನಗಳಲ್ಲಿ ಕೀಲಿನ ಮುಂದೆ ಸೀಸದ ತುಂಡನ್ನಿಟ್ಟು ಸಮತೂಕ ಮಾಡಿರುತ್ತಾರೆ. ಚೆಲುವಿಗಾಗಿ ಒಂದು ಸಲ ಹೆಚ್ಚು ಬಣ್ಣ ಬಳಿದರೂ, ಹಿಂದಂಚಿನಲ್ಲಿ ಒಂದು ತೇಪೆ ಹಾಕಿದರೂ ಆ ಸಮತೂಕ ಕೆಡುತ್ತದೆ. ಸಂಸಾರದಲ್ಲಿ ಗೋಡೆಗೆ ಸುಣ್ಣ ಬಳಿದುದಕ್ಕೆ ಯಾರೂ ಲೆಕ್ಕ ಬರೆದಿಡುವುದಿಲ್ಲ. ವಿಮಾನದ ದಫ್ತರದಲ್ಲಿ ಬಣ್ಣವನ್ನೂ ಬರೆದಿಡಬೇಕು, ಯಾರು ಮಾಡಿದರು, ಯಾವ ದಿನ, ಆಮೇಲೆ ತೂಗಿದವರು ಯಾರು ಎಂಬುದನ್ನೂ. ಮೇದಾರನ ವಿದ್ಯೆ ತಂದೆಯಿಂದ ಮಗನ ಕೈಗೆ ಮಾತಿಲ್ಲದೆ ಇಳಿಯುತ್ತದೆ. ವಿಮಾನವು ಒಬ್ಬನ ಕೈಯಿಂದ ಅಪರಿಚಿತನಾದ ಇನ್ನೊಬ್ಬನ ಕೈಗೆ ಮಾರಾಟವಾಗುವ ವಸ್ತುವಾದುದರಿಂದ ಬರೆದಿಟ್ಟ ಕಾಗದವೇ ಅದರ ಸ್ಮೃತಿ.

ಈ ಸೀಮೆಯಲ್ಲಿ ಈಗ ಸಂಡೂರು ತಾಲ್ಲೂಕಿನ ತೋರಣಗಲ್ಲಿನ ಬಳಿ, ಉಕ್ಕಿನ ಕಾರ್ಖಾನೆಯ ವಿದ್ಯಾನಗರದಲ್ಲಿ, ವಿಮಾನ ನಿಲ್ದಾಣವೊಂದುಂಟು. ಕೇಂದ್ರ ಸರಕಾರದ ಉಡಾನ್ ಯೋಜನೆಯಲ್ಲಿ 2017ರಲ್ಲಿ ಹೈದರಾಬಾದಿನಿಂದ ಪ್ರಯಾಣಿಕರ ವಿಮಾನ ಅಲ್ಲಿಗೆ ಬಂತು. ಹಂಪೆಯನ್ನು ನೋಡಲು ಬರುವವರು ಇಳಿಯುವ ತಾಣವದು. ಬಟ್ಟೆಯ ವಿಮಾನವನ್ನು ಹತ್ತಿರದಿಂದ ಕಾಣಬೇಕೆಂಬ ಹುಡುಗನು ಮಾತ್ರ ಬೆಂಗಳೂರಿನ ಜಕ್ಕೂರಿನಂತಹ ಬಯಲಿಗೇ ಹೋಗಬೇಕು. ಸರಕಾರದ ಹಾರಾಟದ ಶಾಲೆ ಇರುವುದು ಅಲ್ಲಿ.

ಇಂತಹ ಕಿರುವಿಮಾನಗಳನ್ನು ಕಾಯುವವರಿಗೆ ಈಚೆಗೆ ಹೊಸ ಚಿಂತೆಯೊಂದು ಒದಗಿದೆ. ರೋಟಾಕ್ಸ್ ಮುಂತಾದ ಎಂಜಿನುಗಳು ಕುಡಿಯುವುದು ಮೋಟಾರು ಗಾಡಿಯ ಪೆಟ್ರೋಲನ್ನು. 2025ರ ವೇಳೆಗೆ ಭಾರತದ ಪೆಟ್ರೋಲಿನಲ್ಲಿ ನೂರಕ್ಕೆ 20ರಷ್ಟು ಎಥನಾಲ್ ಬೆರೆತಿದೆ. ಎಥನಾಲು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಹಳೆಯ ರಬ್ಬರ್ ನಳಿಗೆಗಳನ್ನು ಮೆದುವಾಗಿಸುತ್ತದೆ, ಗಾಜುನೂಲಿನ ತೊಟ್ಟಿಯ ಕೆಲವು ಬಗೆಯ ಅಂಟನ್ನು ಕರಗಿಸುತ್ತದೆ. ಸೆಕೆಯಲ್ಲಿ ನಳಿಗೆಯೊಳಗೇ ಆವಿಯಾಗಿ ಎಂಜಿನಿಗೆ ಪೆಟ್ರೋಲು ಮುಟ್ಟದಂತೆಯೂ ಆಗಬಹುದು. ಇಪ್ಪತ್ತು ವರ್ಷಗಳ ಹಿಂದೆ ಕಟ್ಟಿದ ವಿಮಾನದಲ್ಲಿ ಬೋಲ್ಟು, ಬಟ್ಟೆ, ಎಂಜಿನು ಎಲ್ಲವೂ ಸರಿಯಾಗಿದ್ದರೂ, ಬೆರಳ ಗಾತ್ರದ ನಳಿಗೆಯನ್ನು ಬಿಚ್ಚಿ, ಬಗ್ಗಿಸಿ, ಒಳಗೆ ಬಿರುಕು ಬಿಟ್ಟಿದೆಯೇ ಎಂದು ನೋಡಿದ ಮೇಲೆಯೇ ಅದನ್ನು ಬಯಲಿಗೆ ತಳ್ಳಬೇಕಾಗಿದೆ.